ಕೂಗುವ ಮಂಚವೂ ನಗುವ ಮಂಚವೂ

ದೇಶಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ತೇದಿ, ಶಾಸನಗಳ ಪಾಠ ಇವಿಷ್ಟೇ ಎಂದು ಭಾವಿಸುತ್ತಿದ್ದ ಕಾಲವು ಕಳೆದುಹೋಯಿತು. ಉಳುವ ನೇಗಿಲಿಗೂ ಬೀಸುವ ಕಲ್ಲಿಗೂ ಚರಿತ್ರೆಯುಂಟೆಂಬುದನ್ನು ವಿದ್ವಾಂಸರು ಈಗ ಒಪ್ಪುತ್ತಾರೆ. ನಾನು ಇಲ್ಲಿ ವಿಚಾರಿಸಲು ಹೊರಟಿರುವ ವಸ್ತುವು ಅವುಗಳಿಗಿಂತಲೂ ಅಲ್ಪವಾಗಿ ವಾಚಕಮಹಾಶಯರಿಗೆ ತೋರಬಹುದು. ಮನೆಯ ಹಿತ್ತಿಲಿನಲ್ಲಿ ನಾಲ್ಕು ಕಂಬಗಳನ್ನು ನೆಟ್ಟು, ಅವುಗಳ ಮೇಲೆ ಹಲಗೆಯ ನೆಲವನ್ನು ಹಾಸಿ, ಹತ್ತಲು ಒಂದು ಏಣಿಯನ್ನೂ ಬೀಳದಂತೆ ಸುತ್ತಲೂ ಒಂದು ಕಟಕಟೆಯನ್ನೂ ಇಟ್ಟು, ಮೇಲೆ ಗರಿಯ ಹೊದಿಕೆಯನ್ನು ಹೊದಿಸಿ ಮಕ್ಕಳಿಗಾಗಿ ಕಟ್ಟುವ ಎತ್ತರದ ಆಟದ ಮನೆಯೇ ಆ ವಸ್ತು. ಇತ್ತೀಚಿನ ವರ್ಷಗಳಲ್ಲಿ ಬೇಸಗೆಯ ರಜೆಗೆ ಮಕ್ಕಳು ಊರಿಗೆ ಬಂದಾಗ ತಂದೆತಾಯಿಗಳೂ ಅಜ್ಜ ಅಜ್ಜಿಯರೂ ಸೇರಿಕೊಂಡು ಇಂಥದೊಂದನ್ನು ಕಟ್ಟುವ ಅಭಿರುಚಿಯು ನಮ್ಮ ಕಡೆಯ ಕೆಲವು ಮನೆಗಳಲ್ಲಿ ಕಾಣಬರುತ್ತಿದೆ. ಇದನ್ನು ಕಂಡವರು ಸಾಧಾರಣವಾಗಿ ಹೇಳುವ ಮಾತು ಎರಡು. ಇದು ಪರದೇಶದಿಂದ ಬಂದ ವಿನೋದವೆಂಬುದು ಮೊದಲನೆಯದು. ಇದರಿಂದ ಪ್ರಯೋಜನವೇನೆಂಬುದು ಎರಡನೆಯದು. ಈ ಎರಡಕ್ಕೂ ನಮ್ಮ ಹೊಲಗಳ ಚರಿತ್ರೆಯಲ್ಲಿಯೇ ಉತ್ತರವಿದೆಯೆಂಬುದು ನನ್ನ ಅಭಿಪ್ರಾಯ.

ಶಬ್ದವಿಚಾರ

ನಗರಗೆರೆಯು ಗೌರಿಬಿದನೂರು ತಾಲ್ಲೂಕಿಗೆ ಸೇರಿದ ಒಂದು ಹೋಬಳಿ. ೨೦೦೭ನೆಯ ಇಸವಿಯವರೆಗೆ ಈ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿದ್ದು, ಆ ವರ್ಷದಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಆಂಧ್ರದ ಎಲ್ಲೆಗೆ ಸಮೀಪವಾದ ಪ್ರದೇಶವಾದುದರಿಂದ ಇಲ್ಲಿಯ ಜನರ ನಾಲಗೆಯಲ್ಲಿ ಕನ್ನಡವೂ ತೆಲುಗೂ ಒಟ್ಟಿಗೆ ಓಡಾಡುತ್ತವೆ. ಹೊಲದ ನಡುವೆ ಪೈರು ಕಾಯುವುದಕ್ಕಾಗಿ ಕಟ್ಟಿದ ಎತ್ತರದ ಅಟ್ಟಕ್ಕೆ ಕನ್ನಡದಲ್ಲಿ ಮಂಚಿಕೆಯೆಂದೂ ತೆಲುಗಿನಲ್ಲಿ ಮಂಚೆಯೆಂದೂ ಹೆಸರು. ಎರಡು ಭಾಷೆಯವರಿಗೂ ಎರಡು ಮಾತೂ ಅರ್ಥವಾಗುತ್ತವೆ. ನಾವು ಮಲಗುವ ಮಂಚವೂ ಇದೇ ಮನೆತನದ ಶಬ್ದ. ಸಂಸ್ಕೃತದಲ್ಲಿ ಮಂಚವೆಂದರೆ ಹಾಸಿಗೆಯ ಮಂಚವೂ ಹೌದು, ನೆಲದಿಂದ ಎತ್ತರಿಸಿ ಕಟ್ಟಿದ ಆಸನವೂ ಹೌದು. ಇದಕ್ಕೆ ನೆರೆಯ ಶಬ್ದವಾದ ಅಟ್ಟವು ಒಳಮನೆಯಲ್ಲಿ ಸೌದೆ, ಮಡಕೆ, ಹಳೆಯ ಪಾತ್ರೆಗಳನ್ನಿಡುವ ಸ್ಥಳವಾಗಿ ನಮಗೆಲ್ಲ ಪರಿಚಿತವಾಗಿದೆ. ಇದೇ ಶಬ್ದವು ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯ ಗೋಡೆಯ ಮೇಲಣ ಕಾವಲುಗೋಪುರಕ್ಕೆ ಅಟ್ಟಾಲಕವೆಂಬ ಹೆಸರಾಗಿ ನಿಂತಿದೆ.

ಪಾಠಶಾಲೆಯಲ್ಲಿ ಓದಿದವರಿಗೆ ಮಂಚವೆಂದೊಡನೆ ನೆನಪಾಗುವುದು ಶಾಸ್ತ್ರದ ಒಂದು ಉದಾಹರಣೆ. ಒಂದು ಪದವು ತನ್ನ ಮುಖ್ಯಾರ್ಥವನ್ನು ಬಿಟ್ಟು ಮತ್ತೊಂದು ಅರ್ಥವನ್ನು ಹೇಗೆ ಹೇಳುತ್ತದೆಂಬುದನ್ನು ತಿಳಿಸುವಾಗ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಮಂಚಗಳು ಕೂಗುತ್ತವೆಯೆಂಬ ಲೋಕೋಕ್ತಿಯನ್ನು ತೆಗೆದುಕೊಳ್ಳುತ್ತಾನೆ. ಮರದ ಮಂಚಕ್ಕೆ ಬಾಯಿಲ್ಲ. ಅದರ ಮೇಲಿರುವ ಜನರು ಕೂಗುತ್ತಾರೆಂಬುದೇ ತಾತ್ಪರ್ಯ. ಅವನಿಗಿಂತ ಪ್ರಾಚೀನನಾದ ಪತಂಜಲಿಯು ಮಹಾಭಾಷ್ಯದಲ್ಲಿ ಇದೇ ಸಂಗತಿಯನ್ನು ವಿವರಿಸುವಾಗ ಮಂಚಗಳು ನಗುತ್ತವೆಯೆಂದು ಉದಾಹರಿಸಿದ್ದಾನೆ. ಇಬ್ಬರು ಆಚಾರ್ಯರಿಗೂ ಬೇಕಾಗಿದ್ದುದು ಲಕ್ಷಣಾವೃತ್ತಿಯೇ ಹೊರತು ಮಂಚದ ಚರಿತ್ರೆಯಲ್ಲ. ಆದರೂ ಇಬ್ಬರ ಮಾತುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಂಚದ ಎರಡು ಜೀವನಗಳು ಅವುಗಳಲ್ಲಿ ಅಡಗಿರುವಂತೆ ಕಾಣುತ್ತದೆ. ಹೊಲದ ಮಂಚವು ಕೂಗುವ ಮಂಚ. ಹಿತ್ತಿಲಿನ ಮಂಚವು ನಗುವ ಮಂಚ. ಮೊದಲನೆಯದರಿಂದ ಎರಡನೆಯದಕ್ಕೆ ನಮ್ಮ ಮಕ್ಕಳು ಹೇಗೆ ಬಂದರೆಂಬುದೇ ಈ ಲೇಖನದ ವಿಷಯವೆಂದು ತಿಳಿಯಬೇಕು.

ಇತಿಹಾಸ ಪುರಾಣಗಳಲ್ಲಿ ಮಂಚವು ದೊಡ್ಡವರ ಸೊತ್ತು. ಹಸ್ತಿನಾವತಿಯಲ್ಲಿ ರಾಜಕುಮಾರರ ಅಸ್ತ್ರಪರೀಕ್ಷೆ ನಡೆದಾಗ ನೋಡುವವರಿಗಾಗಿ ಮಂಚಗಳನ್ನು ಕಟ್ಟಿದರೆಂದು ಮಹಾಭಾರತವು ಹೇಳುತ್ತದೆ. ರಘುವಂಶದ ಆರನೆಯ ಸರ್ಗದಲ್ಲಿ ಇಂದುಮತಿಯ ಸ್ವಯಂವರಕ್ಕೆ ಬಂದ ಅರಸರು ಮಂಚಗಳ ಮೇಲೆಯೇ ಮಂಡಿಸಿದ್ದರು. ಮಧುರೆಯಲ್ಲಿ ಮಲ್ಲಯುದ್ಧವನ್ನು ನೋಡುತ್ತ ಉನ್ನತವಾದ ಮಂಚದ ಮೇಲೆ ಕುಳಿತಿದ್ದ ಕಂಸನನ್ನು ಕೃಷ್ಣನು ಮೇಲಕ್ಕೆ ಹಾರಿ ಕೆಳಕ್ಕೆ ಕೆಡಹಿದ ಕಥೆಯನ್ನು ಕೇಳದ ಮಕ್ಕಳಿಲ್ಲ. ಎತ್ತರದಲ್ಲಿ ಕುಳಿತವನಿಗೆ ಕೆಳಗಿನದೆಲ್ಲವೂ ಕಾಣುತ್ತದೆ. ಕಂಡವನ ಕೈಗೆ ಅಧಿಕಾರವು ಬರುತ್ತದೆ. ಅರಸನು ಮಂಚವನ್ನು ಬಯಸಿದ್ದಕ್ಕೂ ಐದು ವರ್ಷದ ಬಾಲಕನು ಮಾವಿನ ಕೊಂಬೆಯನ್ನು ಬಯಸುವುದಕ್ಕೂ ಕಾರಣವು ಒಂದೇ ಎಂದು ತೋರುತ್ತದೆ. ದಿನವಿಡೀ ಹಿರಿಯರ ಮುಖವನ್ನು ತಲೆಯೆತ್ತಿ ನೋಡುವ ಮಗುವಿಗೆ ಅವರನ್ನು ಮೇಲಿನಿಂದ ನೋಡುವ ಸ್ಥಳವೊಂದು ದೊರೆತರೆ ಅದರಿಂದುಂಟಾಗುವ ಸಂತೋಷವು ಸಾಮಾನ್ಯವಾದುದಲ್ಲ.

ಹೊಲದ ಮಂಚೆ

ಅರಸರ ಮಂಚಗಳು ಮಹೋತ್ಸವ ಮುಗಿದೊಡನೆ ಬಿಚ್ಚಿಹೋದುವು. ವರ್ಷವರ್ಷವೂ ಮರಳಿ ಹುಟ್ಟಿದ್ದು ರೈತನ ಮಂಚೆಯೇ. ಉತ್ತರಪಿನಾಕಿನಿಯು ನಂದಿಯ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಉತ್ತರಕ್ಕೆ ಹರಿದು ಹಿಂದೂಪುರದ ಕಡೆಗೆ ಹೋಗುವುದಷ್ಟೆ. ಅದರ ಇಕ್ಕೆಲದ ಭೂಮಿಯು ಬಹುಮಟ್ಟಿಗೆ ಮಳೆಯನ್ನು ನಂಬಿದ ಹೊಲ. ಅಲ್ಲಿ ರಾಗಿ, ಜೋಳ, ಸಜ್ಜೆ, ನವಣೆ, ಅವರೆ, ತೊಗರಿ, ಕಡಲೆಕಾಯಿಗಳನ್ನು ಬೆಳೆಯುತ್ತ ಬಂದಿದ್ದಾರೆ. ಇವುಗಳಲ್ಲಿ ತೆನೆಯು ಮೇಲಕ್ಕೆ ತೆರೆದಿರುವ ಜೋಳ, ಸಜ್ಜೆ, ನವಣೆಗಳು ಹಾಲುಗಟ್ಟುವ ಸಮಯಕ್ಕೆ ಸರಿಯಾಗಿ ಗಿಳಿಗಳೂ ಗುಬ್ಬಿಗಳೂ ಹಿಂಡುಹಿಂಡಾಗಿ ಇಳಿಯುತ್ತವೆ. ಹಾಲುಗಾಳು ಗಟ್ಟಿಯಾಗುವವರೆಗಿನ ಕೆಲವು ವಾರಗಳನ್ನು ಕಾಯ್ದುಕೊಂಡರೆ ಬೆಳೆಯುಂಟು, ಇಲ್ಲದಿದ್ದರೆ ಬರಿಯ ದಂಟು.

ಮಂಚೆಯನ್ನು ಕಟ್ಟುವ ವಿಧಾನವು ಬಹು ಸರಳವಾದುದು. ತುದಿಯಲ್ಲಿ ಕವಲೊಡೆದ ನಾಲ್ಕು ಕಂಬಗಳನ್ನು ಚೌಕವಾಗಿ ನೆಡುವರು. ಆ ಕವೆಗಳಲ್ಲಿ ಎರಡು ತೊಲೆಗಳನ್ನು ಕೂರಿಸಿ, ಅವುಗಳ ಮೇಲೆ ಅಡ್ಡಗಳುಗಳನ್ನು ಒತ್ತೊತ್ತಾಗಿ ಹಾಸಿ ಕತ್ತಾಳೆನಾರಿನ ಹಗ್ಗದಿಂದ ಬಿಗಿಯುವರು. ಮೇಲೆ ಹುಲ್ಲನ್ನೋ ಸೊಪ್ಪನ್ನೋ ಹರಡಿ, ಬಿಸಿಲಿಗೆ ಒಂದು ಪಕ್ಕದಲ್ಲಿ ಗರಿಯ ತಡಿಕೆಯನ್ನು ಕಟ್ಟಿದರೆ ಕೆಲಸವು ಮುಗಿಯಿತು. ಮೊಳೆ ಬೇಕಿಲ್ಲ, ಬಡಗಿಯೂ ಬೇಕಿಲ್ಲ. ಕವಲು ತಾನೇ ತೊಲೆಯನ್ನು ಹಿಡಿಯುವುದರಿಂದ ಭಾರವೆಲ್ಲವೂ ನೇರವಾಗಿ ಕಂಬಕ್ಕೆ ಇಳಿಯುತ್ತದೆ. ಹಗ್ಗವು ಅಲುಗದಂತೆ ಹಿಡಿದಿರುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ. ಪೈರಿನ ತೆನೆಗಿಂತ ಎತ್ತರದಲ್ಲಿ ಕುಳಿತವನ ಕಣ್ಣು ಹೊಲದ ನಾಲ್ಕು ಮೂಲೆಗಳಿಗೂ ಹರಿಯಬೇಕು. ಅವನ ಕವಣೆಯ ಕಲ್ಲೂ ಅಲ್ಲಿಯವರೆಗೆ ಹೋಗಬೇಕು. ಇವೆರಡೇ ಮಂಚೆಯ ಎತ್ತರವನ್ನೂ ಸ್ಥಳವನ್ನೂ ನಿರ್ಣಯಿಸುತ್ತಿದ್ದ ಶಾಸ್ತ್ರ.

ಪೈರು ಕಾಯುವವರನ್ನು ಕವಿಗಳು ಮರೆತಿಲ್ಲ. ಕಬ್ಬಿನ ನೆರಳಿನಲ್ಲಿ ಕುಳಿತು ಬತ್ತದ ಗದ್ದೆಯನ್ನು ಕಾಯುವ ಹೆಂಗಸರು ರಘುವಿನ ಕೀರ್ತಿಯನ್ನು ಹಾಡಿದರೆಂದು ಕಾಳಿದಾಸನು ವರ್ಣಿಸಿದ್ದಾನೆ. ನಮ್ಮ ಚಂಪೂಕಾವ್ಯಗಳ ನಾಡವರ್ಣನೆಯಲ್ಲಿ ಗಿಳಿಗಳನ್ನು ಸೋವುವ ಪಾಮರಿಯರು ಬರುವುದು ರೂಢಿಯೇ ಆಗಿದೆ. ತಮಿಳರ ಪ್ರಾಚೀನ ಕವಿತೆಗಳಲ್ಲಿ ಬೆಟ್ಟದ ನಾಡಿನ ಕನ್ಯೆಯರು ತಿನೈಯ ಹೊಲವನ್ನು ಅಟ್ಟದ ಮೇಲಿನಿಂದ ಕಾಯುತ್ತಾರೆ. ಆ ತಿನೈಯೆಂಬುದು ನಮ್ಮ ನವಣೆಯೇ. ಸುಬ್ರಹ್ಮಣ್ಯಸ್ವಾಮಿಯು ವಳ್ಳೀದೇವಿಯನ್ನು ಮೊದಲು ಕಂಡದ್ದು ಅಂತಹ ನವಣೆಯ ಹೊಲದಲ್ಲಿ, ಆಕೆಯು ಹಕ್ಕಿ ಸೋವುತ್ತಿದ್ದಾಗಲೆಂದು ಕಥೆಯು ಹೇಳುತ್ತದೆ. ದೇವಸೇನಾಪತಿಗೆ ವಧುವನ್ನು ಕೊಟ್ಟ ಕೀರ್ತಿಯು ಒಂದು ಹೊಲದ ಮಂಚೆಗೆ ಸಲ್ಲುತ್ತದೆಯೆಂದರೆ ಅದನ್ನು ಅಲ್ಪವೆಂದು ಹೇಳುವರಾರು?

ಆದರೆ ಕಾವ್ಯವನ್ನು ಕೆಳಗಿಟ್ಟು ಹೊಲವನ್ನು ನೋಡಿದರೆ ಬೇರೊಂದು ಚಿತ್ರವೇ ಕಾಣುತ್ತದೆ. ಮಂಚೆಯ ಮೇಲೆ ಕೂರುತ್ತಿದ್ದವರಲ್ಲಿ ಅನೇಕರು ಮಕ್ಕಳು. ಉಳುವ, ಕಳೆ ಕೀಳುವ, ಕೊಯ್ಯುವ ಕೆಲಸಗಳಿಗೆ ಬಲಿತ ಕೈಗಳು ಬೇಕಾದುದರಿಂದ ಹಕ್ಕಿ ಸೋವುವ ಕೆಲಸವು ಎಂಟು ಹತ್ತು ವರ್ಷದವರ ಪಾಲಿಗೆ ಬರುತ್ತಿತ್ತು. ಹಕ್ಕಿಗಳು ಬೆಳಗಿನ ಬೆಳಕಿನೊಡನೆ ಇಳಿಯುವುದರಿಂದ ಕಾವಲುಗಾರನು ಅದಕ್ಕೂ ಮೊದಲೇ ಮಂಚೆಯನ್ನು ಹತ್ತಬೇಕು. ತಂಗಳು ಮುದ್ದೆಯ ಗಂಟು, ನೀರಿನ ಚೊಂಬು, ಕವಣೆ, ಒಂದು ಮಡಿಲು ಕಲ್ಲು, ಬಡಿಯಲು ಒಂದು ಹಳೆಯ ತಗಡಿನ ಡಬ್ಬ. ಇವೇ ಅವನ ಸಾಮಗ್ರಿ. ಬೆಳಗೂ ಸಂಜೆಯೂ ಗಂಟಲು ಕಟ್ಟುವವರೆಗೆ ಕೂಗು. ಮಧ್ಯಾಹ್ನದ ಬಿಸಿಲಿನಲ್ಲಿ ಹಕ್ಕಿಗಳು ಮರ ಸೇರಿದಾಗ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿಯೇ ದಂಟಿನ ಗಾಡಿ, ಎಲೆಯ ಪೀಪಿ, ಮಣ್ಣಿನ ಬಸವ, ಪಕ್ಕದ ಹೊಲದ ಮಂಚೆಯವನೊಡನೆ ಒಗಟು. ಎಂದರೆ ಮಂಚೆಯು ಕೂಗುವ ಕೆಲಸದ ನಡುವೆ ಕದ್ದು ನಗುತ್ತಿತ್ತು.

ಇದಕ್ಕೆ ತೆತ್ತ ಬೆಲೆಯು ಪಾಠಶಾಲೆಯ ಹಾಜರಿ ಪುಸ್ತಕದಲ್ಲಿ ಕಾಣುತ್ತಿತ್ತು. ನಾನು ಉಪಾಧ್ಯಾಯವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ತೆನೆ ಹಾಲುಗಟ್ಟುವ ಕಾಲವು ಬಂದಿತೆಂದರೆ ಹಿಂದಿನ ಸಾಲುಗಳು ಬರಿದಾಗುತ್ತಿದ್ದುವು. ಹಾಗೆ ಹೋಗಿ ಬಂದ ಒಬ್ಬ ಹುಡುಗನಿಗೆ ಭಾಗಾಹಾರದ ಲೆಕ್ಕವು ಪೂರ್ತಿ ಮರೆತುಹೋಗಿದ್ದಿತು. ಆದರೆ ಅಂಗಳದಲ್ಲಿ ನಿಂತು ಬೇಲಿಯವರೆಗೆ ಎಷ್ಟು ಮಾರು ದೂರವೆಂದು ಅವನು ಕಣ್ಣಳತೆಯಲ್ಲಿ ಹೇಳಿದರೆ ಹಗ್ಗ ಹಿಡಿದು ಅಳೆದಾಗಲೂ ಅಷ್ಟೇ ಬರುತ್ತಿತ್ತು. ಮರುವರ್ಷದ ಪೈರಿಗೆ ಹೋದವನು ತಿರುಗಿ ಬರಲಿಲ್ಲ. ಬುದ್ಧಿಯು ಕಡಿಮೆಯಾಗಿ ಅವನು ಶಾಲೆಯನ್ನು ಬಿಟ್ಟನೆಂದು ಯಾರೂ ಹೇಳಲಾರರು. ಗಿಳಿಯ ಪಾಲಾಗುವ ನಾಲ್ಕು ಪಲ್ಲ ಜೋಳಕ್ಕಿಂತ ಅವನ ಅಕ್ಷರವು ಅಗ್ಗವಾಗಿದ್ದ ಕಾಲ ಅದು.

ಆ ಬೆಲೆಯನ್ನು ಮಕ್ಕಳ ಮೇಲಿನಿಂದ ಇಳಿಸಲು ರಾಜ್ಯವು ಬಹುಕಾಲ ಪ್ರಯತ್ನಿಸಿದೆ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೩ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನನ್ನು ಮಾಡಿ, ಆಯ್ದ ಕೆಲವು ಸ್ಥಳಗಳಲ್ಲಿ ಗಂಡುಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಪಡಿಸಲು ದಾರಿ ಮಾಡಿತು. ಹೆಣ್ಣುಮಕ್ಕಳ ಪಾಲಿಗೆ ಆ ಕಡ್ಡಾಯವು ಬರಲು ಇನ್ನೂ ಕಾಯಬೇಕಾಯಿತು. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಬಡಕುಟುಂಬವೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದುವುದಕ್ಕಾಗಿ ೧೯೩೫ರಲ್ಲಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಅಂತಹವರೊಬ್ಬರ ಹೆಸರು ಉಳಿಯಿತು. ಹೊಲದಲ್ಲಿಯೇ ಉಳಿದವರ ಹೆಸರುಗಳನ್ನು ಬರೆದವರಿಲ್ಲ. ೨೦೦೨ರಲ್ಲಿ ಸಂವಿಧಾನದ ಎಂಬತ್ತಾರನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳ ಶಿಕ್ಷಣವನ್ನು ಮೂಲಭೂತವಾದ ಹಕ್ಕನ್ನಾಗಿ ಮಾಡಿತು. ಅದರ ಕಾನೂನು ೨೦೧೦ನೆಯ ಏಪ್ರಿಲ್ ೧ರಿಂದ ಆಚರಣೆಗೆ ಬಂದಿತು. ಅಂತೂ ಮಂಚೆಯಿಂದ ಮಗುವನ್ನು ಕೆಳಗಿಳಿಸಿದ ಕಾರ್ಯದಲ್ಲಿ ಒಂದು ಶತಮಾನದ ಶ್ರಮವು ಅಡಗಿದೆ.

ಅಷ್ಟರಲ್ಲಿ ಹೊಲವೂ ಬದಲಾಯಿತು. ಸಿಡ್ಲಘಟ್ಟ, ಚಿಂತಾಮಣಿಗಳ ಕಡೆ ಹಿಪ್ಪುನೇರಳೆಯೂ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಯೂ, ಗೌರಿಬಿದನೂರಿನಲ್ಲಿ ಮುಸುಕಿನ ಜೋಳವೂ ಹಬ್ಬಿದುವು. ಹಿಪ್ಪುನೇರಳೆಯ ಎಲೆಗೆ ಗಿಳಿಯ ಭಯವಿಲ್ಲ. ದ್ರಾಕ್ಷಿಗೆ ಬಲೆಯನ್ನು ಹೊದಿಸುತ್ತಾರೆ. ಅನೇಕ ಹೊಲಗಳು ನೀಲಗಿರಿಯ ತೋಪುಗಳಾದುವು. ಅಂತರ್ಜಲವು ಬತ್ತುವುದೆಂಬ ಕಾರಣದಿಂದ ೨೦೧೭ರಲ್ಲಿ ಸರಕಾರವು ಹೊಸದಾಗಿ ಅದನ್ನು ನೆಡುವುದನ್ನು ನಿಷೇಧಿಸಿತು. ಹೀಗೆ ಮಂಚೆಗಳು ವಿರಳವಾದುವು. ಅವುಗಳ ಮೇಲಿದ್ದ ಮಗುವು ಶಾಲೆಗೆ ಬಂದಿತು. ಅದು ಉತ್ತಮವೇ ಆಯಿತು. ಆದರೆ ಆ ಮಗುವಿಗೆ ಮಂಚೆಯ ಮೇಲೆ ದೊರೆಯುತ್ತಿದ್ದ ಎತ್ತರ, ಗಾಳಿ, ಕಣ್ಣಳತೆ, ಗಂಟು ಹಾಕುವ ಕೈಚಳಕ ಇವು ಶಾಲೆಯ ಬೆಂಚಿನ ಮೇಲೆ ದೊರೆಯಲಿಲ್ಲವೆಂಬುದನ್ನೂ ಒಪ್ಪಬೇಕು.

ಮರಳಿನ ಮನೆ

ಆಟದ ಮನೆಗೆ ಇನ್ನೊಂದು ಕಡೆಯಿಂದಲೂ ವಂಶವಿದೆ. ಮಕ್ಕಳು ತಮ್ಮ ಅಳತೆಗೆ ತಕ್ಕ ಮನೆಯನ್ನು ತಾವೇ ಕಟ್ಟಿಕೊಳ್ಳುವ ಆಟವು ಅತ್ಯಂತ ಪ್ರಾಚೀನವಾದುದು. ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಬಾಲೆಯಾದ ಪಾರ್ವತಿಯು ಮಂದಾಕಿನಿಯ ದಡದಲ್ಲಿ ಮರಳಿನ ಜಗಲಿಗಳನ್ನು ಕಟ್ಟಿಯೂ ಚೆಂಡು ಬೊಂಬೆಗಳಿಂದಲೂ ಗೆಳತಿಯರೊಡನೆ ಆಡಿದಳು. ಆಂಡಾಳ್ ದೇವಿಯ ನಾಚ್ಚಿಯಾರ್ ತಿರುಮೊಳಿಯ ಎರಡನೆಯ ದಶಕದಲ್ಲಿ ಹುಡುಗಿಯರು ತಾವು ಕಟ್ಟಿದ ಮರಳಿನ ಪುಟ್ಟ ಮನೆಗಳನ್ನು ಕೆಡಿಸಬೇಡವೆಂದು ಕೃಷ್ಣನನ್ನು ಬೇಡಿಕೊಳ್ಳುತ್ತಾರೆ. ಮಗುವು ಕಟ್ಟಿದ ಮನೆಯನ್ನು ಕೆಡಿಸುವುದು ಸಾಕ್ಷಾತ್ ಭಗವಂತನಿಗೂ ಸಲ್ಲದೆಂಬ ಭಾವವು ಎಷ್ಟು ಕೋಮಲವಾದುದು! ಕನ್ನಡನಾಡಿನ ಅರಸನೇ ಆದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ೨೦ ಬಗೆಯ ಕ್ರೀಡೆಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಕೃತಕವಾದ ಬೆಟ್ಟ, ವನ, ಉಯ್ಯಾಲೆ, ಮರಳು, ಪೈರು ಇವುಗಳನ್ನು ಆಶ್ರಯಿಸಿದ ಕ್ರೀಡೆಗಳೂ ಸೇರಿವೆ. ಅವನು ಬರೆದದ್ದು ಅರಸರ ವಿನೋದಕ್ಕಾಗಿಯೇ ಆದರೂ, ಎತ್ತರಕ್ಕೆ ಹತ್ತುವುದು, ತೂಗುವುದು, ಮರಳಿನಲ್ಲಿ ಆಡುವುದು ಇವೆಲ್ಲವೂ ಶಾಸ್ತ್ರಗ್ರಂಥದಲ್ಲಿ ಎಣಿಸತಕ್ಕಷ್ಟು ಗೌರವವುಳ್ಳವೆಂದು ಅವನು ಭಾವಿಸಿದ್ದನು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಮರಳಿನ ಮನೆಯು ಮಗುವೇ ಕಟ್ಟಿದ್ದು, ಆದರೆ ಸಂಜೆಯವರೆಗೂ ನಿಲ್ಲದು. ಹೊಲದ ಮಂಚೆಯು ನಿಲ್ಲುವಂತಹುದು, ಆದರೆ ಅದು ಮಗುವಿನದಲ್ಲ, ಬೆಳೆಯದು. ಹಿತ್ತಿಲಿನ ಆಟದ ಮನೆಯಲ್ಲಿ ಈ ಎರಡು ವಂಶಗಳೂ ಕೂಡುತ್ತವೆ: ಮಗುವಿನ ಕೈಯೂ ಸೇರಿ ಕಟ್ಟಿದುದಾಗಿ, ಕೆಲವು ವರ್ಷಗಳಾದರೂ ನಿಲ್ಲುವಂತಹುದಾಗಿ, ಆಟಕ್ಕೆಂದೇ ಮೀಸಲಾದ ಮಂಚ.

ದೇಶಾಂತರಗಳಲ್ಲಿ

ಎತ್ತರದ ಮನೆಯ ಬಯಕೆಯು ಯಾವ ಒಂದು ದೇಶಕ್ಕೂ ಸೇರಿದುದಲ್ಲ. ರೋಮಿನ ಚಕ್ರವರ್ತಿ ಕಾಲಿಗುಲನು ವೆಲಿಟ್ರೆಯೆಂಬಲ್ಲಿ ಒಂದು ದೊಡ್ಡ ಮರದ ಕೊಂಬೆಗಳ ಮೇಲೆ ಹದಿನೈದು ಮಂದಿ ಅತಿಥಿಗಳು ಊಟಮಾಡುವಷ್ಟು ದೊಡ್ಡ ಅಟ್ಟವನ್ನು ಕಟ್ಟಿಸಿ ಅದನ್ನು ಗೂಡೆಂದು ಕರೆದನೆಂದು ಹಿರಿಯ ಪ್ಲಿನಿಯು ಬರೆದಿದ್ದಾನೆ. ಇಂಗ್ಲೆಂಡಿನ ಶ್ರಾಪ್‌ಷೈರಿನ ಪಿಚ್‌ಫರ್ಡಿನಲ್ಲಿ ಹದಿನೇಳನೆಯ ಶತಮಾನದ ಮರದ ಮನೆಯೊಂದು ಇಂದಿಗೂ ಇದೆ; ಮುಂದೆ ರಾಣಿಯಾದ ವಿಕ್ಟೋರಿಯಾ ೧೮೩೨ರಲ್ಲಿ ತನ್ನ ಹದಿಮೂರನೆಯ ವಯಸ್ಸಿನಲ್ಲಿ ಅದನ್ನು ಹತ್ತಿದ್ದಳು. ಆಕೆಯ ಪತಿಯಾದ ಆಲ್ಬರ್ಟನು ೧೮೫೪ರ ಹೊತ್ತಿಗೆ ಆಸ್‌ಬರ್ನ್ ಅರಮನೆಯ ತೋಟದಲ್ಲಿ ಮಕ್ಕಳಿಗಾಗಿ ಸ್ವಿಸ್ ರೀತಿಯ ಒಂದು ಮರದ ಮನೆಯನ್ನು ನಿಲ್ಲಿಸಿದನು. ಅಲ್ಲಿ ಒಬ್ಬೊಬ್ಬ ಮಗುವಿಗೂ ಒಂದೊಂದು ಪಾತಿಯಿದ್ದಿತು. ಹೆಸರಿನ ಗುರುತು ಹಾಕಿದ ಸಣ್ಣ ಸಲಕರಣೆಗಳಿದ್ದುವು. ಮಕ್ಕಳು ಬೆಳೆದ ತರಕಾರಿಯನ್ನು ತಂದೆಯು ಪೇಟೆಯ ಬೆಲೆ ಕೊಟ್ಟು ಕೊಳ್ಳುತ್ತಿದ್ದನು. ಅರಮನೆಯ ಮಕ್ಕಳಿಗೂ ಕೈಕೆಲಸವು ಬೇಕೆಂದು ತಿಳಿದ ಆ ತಂದೆಯ ವಿವೇಕವು ಮೆಚ್ಚತಕ್ಕದ್ದು.

ಆದರೆ ನನ್ನ ಮನಸ್ಸಿಗೆ ಹೆಚ್ಚು ಹಿಡಿದಿರುವುದು ಅರಮನೆಯ ಉದಾಹರಣೆಯಲ್ಲ. ಡೆನ್ಮಾರ್ಕಿನ ಸೊರೆನ್‌ಸೆನ್ ಎಂಬ ತೋಟಶಿಲ್ಪಿಯು, ತಾನು ಅಂದವಾಗಿ ರಚಿಸಿದ ಆಟದ ಬಯಲುಗಳನ್ನು ಬಿಟ್ಟು ಮಕ್ಕಳು ಮನೆ ಕಟ್ಟುವ ಸ್ಥಳಗಳಲ್ಲಿ ಬಿದ್ದ ಹಲಗೆ ಇಟ್ಟಿಗೆಗಳೊಡನೆ ಆಡುವುದನ್ನು ಕಂಡನು. ೧೯೪೩ರಲ್ಲಿ, ಆ ದೇಶವು ಜರ್ಮನರ ಹಿಡಿತದಲ್ಲಿದ್ದಾಗಲೇ, ಕೋಪನ್‌ಹೇಗನ್ನಿನ ಎಂಡ್ರುಪ್ ಎಂಬಲ್ಲಿ ಅವನ ಆಲೋಚನೆಯಂತೆ ಒಂದು ಬಯಲು ತೆರೆಯಿತು. ಅಲ್ಲಿ ಮಕ್ಕಳಿಗೆ ಸಿದ್ಧವಾದ ಉಯ್ಯಾಲೆ ಜಾರುಬಂಡೆಗಳನ್ನು ಕೊಡಲಿಲ್ಲ. ಮರದ ತುಂಡು, ಮೊಳೆ, ಸುತ್ತಿಗೆಗಳನ್ನು ಕೊಟ್ಟು ಒಬ್ಬ ಹಿರಿಯನನ್ನು ಜೊತೆಗಿಟ್ಟರು. ಮಕ್ಕಳು ತಮ್ಮ ಮನೆಗಳನ್ನು ತಾವೇ ಕಟ್ಟಿದರು. ನಮ್ಮ ನಾಡಿನಲ್ಲಿಯೂ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿ, ಗೋಡೆಗಳ ನಡುವಣ ಓದಿಗೆ ಬದಲಾಗಿ ಮಕ್ಕಳಿಗೆ ಮರಗಳ ನಡುವೆ ಆಟಪಾಠಗಳನ್ನು ಏರ್ಪಡಿಸಿದುದನ್ನು ಕನ್ನಡಿಗರು ಮರೆಯಲಾರರು.

ಹಿತ್ತಿಲಿನಲ್ಲಿ ಕಟ್ಟುವ ಕ್ರಮ

ಇನ್ನು ನಮ್ಮ ಮನೆಯವರು ನಡೆಸಿದ ಕಾರ್ಯವನ್ನು, ಕಟ್ಟುವವರಿಗೆ ಅನುಕೂಲವಾದೀತೆಂದು ಸಂಕ್ಷೇಪವಾಗಿ ತಿಳಿಸುತ್ತೇನೆ. ಕಳೆದ ಬೇಸಗೆಯಲ್ಲಿ ಮಗನೂ ಸೊಸೆಯೂ ಮೊಮ್ಮಕ್ಕಳೊಡನೆ ಬೆಂಗಳೂರಿನಿಂದ ಬಂದಾಗ ಈ ಸಂಕಲ್ಪವುಂಟಾಯಿತು. ಕಂಬಗಳಿಗಾಗಿ ಮರವನ್ನು ಕಡಿಯಬೇಕಾಗಿ ಬರಲಿಲ್ಲ. ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿಯ ಚಪ್ಪರವನ್ನು ಕಲ್ಲುಕಂಬಗಳ ಮೇಲೆ ಹಬ್ಬಿಸುವುದು ಎಲ್ಲರಿಗೂ ತಿಳಿದುದೇ. ತೋಟವನ್ನು ತೆಗೆದವರೊಬ್ಬರ ಬಳಿ ಉಳಿದಿದ್ದ ನಾಲ್ಕು ಕಂಬಗಳನ್ನು ತಂದೆವು. ಕಲ್ಲಿಗೆ ಗೆದ್ದಲು ಹತ್ತುವುದಿಲ್ಲ. ಮಳೆಯ ನೀರಿಗೆ ಬುಡವು ಕೊಳೆಯುವುದಿಲ್ಲ. ಒಂದೂವರೆ ಮೊಳದ ಗುಣಿಯನ್ನು ತೋಡಿ, ಸುತ್ತಲೂ ಜಲ್ಲಿ ಗಾರೆಗಳನ್ನು ತುಂಬಿ, ತೂಗುಗುಂಡನ್ನು ಬಿಟ್ಟು ನೇರವನ್ನು ನೋಡಿ ನಿಲ್ಲಿಸಿದೆವು. ಗಾರೆಯು ಬಲಿಯುವವರೆಗೆ ಒಂದು ವಾರ ಯಾರೂ ಅದನ್ನು ಮುಟ್ಟಕೂಡದೆಂಬ ನಿಯಮವನ್ನು ಪಾಲಿಸುವುದೇ ಮಕ್ಕಳಿಗೆ ಎಲ್ಲಕ್ಕಿಂತಲೂ ಕಷ್ಟವಾಯಿತು.

ನೆಲವನ್ನು ಭೂಮಿಯಿಂದ ಮೂರು ಮೊಳ ಎತ್ತರಕ್ಕೆ ಇಟ್ಟೆವು. ಇದಕ್ಕಿಂತ ಹೆಚ್ಚಿಸಿದರೆ ಸಂತೋಷವು ಅಷ್ಟಾಗಿ ಹೆಚ್ಚುವುದಿಲ್ಲ, ಅಪಾಯವು ಮಾತ್ರ ಹೆಚ್ಚುತ್ತದೆ. ಎರಡು ತೊಲೆಗಳನ್ನು ಕಂಬದ ತಲೆಯ ಕಚ್ಚುಗಳಲ್ಲಿ ಕೂರಿಸಿ ಕಬ್ಬಿಣದ ಪಟ್ಟಿಗಳಿಂದ ಬಿಗಿಸಿದೆವು. ಹೊಲದ ಮಂಚೆಯ ಕವೆಯು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಕಚ್ಚು ಮಾಡುತ್ತದೆ. ತೊಲೆಗಳ ಮೇಲೆ ಅಡ್ಡಗಳನ್ನೂ, ಅವುಗಳ ಮೇಲೆ ಹಲಗೆಗಳನ್ನೂ, ನೀರು ಇಳಿದುಹೋಗುವಂತೆ ಎರಡು ಹಲಗೆಗಳ ನಡುವೆ ಒಂದು ಕಡ್ಡಿಯಷ್ಟು ಸಂದು ಬಿಟ್ಟು ಜೋಡಿಸಿದೆವು. ನಾಲ್ಕು ಮೊಳದ ಚೌಕ. ಮೂರು ನಾಲ್ಕು ಮಕ್ಕಳು ಕೂರಲು ಸಾಕು. ಕಟಕಟೆಯು ಎರಡು ಮೊಳ ಎತ್ತರ. ಅದರ ಕಡ್ಡಿಗಳ ನಡುವಣ ಸಂದು ನಾಲ್ಕು ಬೆರಳಿಗಿಂತ ಹೆಚ್ಚಾಗಕೂಡದು. ಮಗುವಿನ ತಲೆಯು ತೂರುವಷ್ಟು ಸಂದು ಎತ್ತರದಿಂದ ಬೀಳುವುದಕ್ಕಿಂತಲೂ ಅಪಾಯಕರ. ಏಣಿಗೆ ಮೂರು ಮೆಟ್ಟಲುಗಳಿದ್ದು, ಕೆಳಗೆ ತೆಂಗಿನ ನಾರಿನ ಪುಡಿಯನ್ನು ಒಂದು ಗೇಣು ದಪ್ಪ ಹಾಸಿದೆವು. ಮೇಲೆ ತೆಂಗಿನ ಗರಿಯ ಹೊದಿಕೆ.

ಪರಿಚಿತರಾದ ಬಡಗಿ ಆಚಾರ್ಯರು ಒಂದು ದಿನ ಬಂದು ಕಚ್ಚುಗಳನ್ನು ಸರಿಪಡಿಸಿಕೊಟ್ಟರು. ಉಳಿದುದೆಲ್ಲವೂ ಮನೆಯವರ ಕೆಲಸ. ಅಳತೆಯು ಸೊಸೆಯದು. ಗರಗಸವು ಮಗನದು. ಮನೆಯಾಕೆಯು ಗರಿಯನ್ನು ಹೆಣೆದುಕೊಟ್ಟಳು. ಎಂಟು ವರ್ಷದ ಮೊಮ್ಮಗಳು ರಸಮಟ್ಟವನ್ನು ಹಿಡಿದು ಗುಳ್ಳೆಯು ನಡುವೆ ನಿಲ್ಲುವವರೆಗೂ ಯಾರನ್ನೂ ಬಿಡಲಿಲ್ಲ. ಐದು ವರ್ಷದ ಮೊಮ್ಮಗನು ಮೊಳೆಗಳನ್ನು ಎಣಿಸಿ ಎಣಿಸಿ ಕೊಟ್ಟನು. ನಾನು ಹಗ್ಗದ ಗಂಟನ್ನು ಹಾಕುತ್ತಿದ್ದಾಗ ಮೊಮ್ಮಗಳು, “ತಾತಾ, ನಿಮಗೂ ಚಿಕ್ಕಂದಿನಲ್ಲಿ ಹೀಗೆ ಕಟ್ಟಿಕೊಟ್ಟಿದ್ದರಾ?” ಎಂದು ಕೇಳಿದಳು. “ಕಟ್ಟಿಕೊಟ್ಟಿದ್ದರಮ್ಮಾ, ಆದರೆ ಗಿಳಿ ಕಾಯುವುದಕ್ಕೆ,” ಎಂದೆನು. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಗಿಳಿ ಬಂದರೆ ನಾವು ಓಡಿಸಬೇಕಾಗಿಲ್ಲ, ಅಲ್ಲವೇ?” ಎಂದಳು. ಒಂದು ಶತಮಾನದ ಚರಿತ್ರೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ನನಗೆ ಸಾಧ್ಯವಿಲ್ಲ.

ಪ್ರಯೋಜನವಿಚಾರ

ಇಂತಹ ಮನೆಗಳು ಪೇಟೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸಿದ್ಧವಾಗಿಯೇ ದೊರೆಯುವಾಗ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಕೊಂಡುತಂದ ಮನೆಯಲ್ಲಿಯೂ ಮಕ್ಕಳು ಆಡುತ್ತಾರೆ, ಸಂದೇಹವಿಲ್ಲ. ಆದರೆ ಅದು ಯಾವುದರ ಮೇಲೆ ನಿಂತಿದೆಯೆಂಬುದು ಅವರಿಗೆ ತಿಳಿಯದು. ತಾನೇ ಹಿಡಿದುಕೊಟ್ಟ ಹಲಗೆಯ ಮೇಲೆ ಕುಳಿತ ಮಗುವಿಗೆ ಭಾರವು ಹಲಗೆಯಿಂದ ಅಡ್ಡಕ್ಕೂ, ಅಡ್ಡದಿಂದ ತೊಲೆಗೂ, ತೊಲೆಯಿಂದ ಕಂಬಕ್ಕೂ, ಕಂಬದಿಂದ ಭೂಮಿಗೂ ಇಳಿಯುವ ದಾರಿಯು ಕಣ್ಣಿಗೆ ಕಟ್ಟಿದಂತಿರುತ್ತದೆ. ತೊಲೆ, ಕಚ್ಚು, ಬೈರಿಗೆ, ಮೂಲೆಮಟ್ಟ, ರಸಮಟ್ಟ ಎಂಬ ಮಾತುಗಳು ಪುಸ್ತಕದಿಂದಲ್ಲದೆ ಕೈಯಿಂದ ಬರುತ್ತವೆ. ಮಾಡುವ ಕೆಲಸವು ನಿಂತೊಡನೆ ಅದರ ಮಾತೂ ನಿಲ್ಲುತ್ತದೆ. ಮಂಚಿಕೆಯೆಂದರೇನೆಂದು ಇಂದಿನ ಪಟ್ಟಣದ ಮಕ್ಕಳನ್ನು ಕೇಳಿದರೆ ಈ ಸಂಗತಿಯು ವಿಶದವಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತನ್ನು ಹೇಳಬೇಕು. ಹೊಲವನ್ನು ಕಾಯಲು ಮಂಚೆಯನ್ನು ಹತ್ತಬಹುದಾಗಿದ್ದ ಹುಡುಗಿಗೆ ಆಟಕ್ಕಾಗಿ ಮರವನ್ನು ಹತ್ತಕೂಡದೆಂಬ ನಿಷೇಧವು ಅನೇಕ ಮನೆಗಳಲ್ಲಿ ಬಹುಕಾಲ ನಡೆಯಿತು. ದುಡಿಮೆಗೆ ಬಾಧಕವಾಗದ ಎತ್ತರವು ಆಟಕ್ಕೆ ಮಾತ್ರ ಹೇಗೆ ಬಾಧಕವಾಯಿತೆಂಬುದನ್ನು ಹಿರಿಯರು ಯೋಚಿಸಲಿಲ್ಲ. ಈಗ ಕಟ್ಟುವವರಾದರೂ ಗರಗಸವನ್ನೂ ಏಣಿಯನ್ನೂ ಗಂಡುಹೆಣ್ಣುಗಳಿಗೆ ಸಮವಾಗಿ ಹಂಚಬೇಕು.

ವಿಶ್ವರಾಷ್ಟ್ರಸಂಸ್ಥೆಯು ೧೯೮೯ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೂವತ್ತೊಂದನೆಯ ವಿಧಿಯಲ್ಲಿ ವಿಶ್ರಾಂತಿಯೂ ಆಟವೂ ಮಗುವಿನ ಹಕ್ಕುಗಳೆಂದು ಹೇಳಿದೆ. ೧೯೯೨ರಲ್ಲಿ ಭಾರತವೂ ಅದಕ್ಕೆ ಸೇರಿತು. ಹಕ್ಕೆಂಬುದು ಹಿತ್ತಿಲುಳ್ಳವರ ಮಕ್ಕಳಿಗೆ ಮಾತ್ರ ಸಲ್ಲುವುದಾದರೆ ಅದು ಹಕ್ಕಾಗಲಾರದು. ಆದಕಾರಣ ಊರಿನ ಸರಕಾರಿ ಪಾಠಶಾಲೆಯ ಅಂಗಳದಲ್ಲಿಯೂ ಇಂತಹದೊಂದು ಮಂಚವನ್ನು ತಂದೆತಾಯಿಗಳು ಸೇರಿ ಕಟ್ಟಿಕೊಡಬಹುದು. ನಾಲ್ಕು ಕಲ್ಲುಕಂಬಗಳೂ ಎರಡು ತೊಲೆಗಳೂ ನಾಲ್ಕು ಭಾನುವಾರಗಳೂ ಸಾಕು. ಯಾವ ಅಂಗಳದಿಂದ ತೆನೆಯ ಕಾಲದಲ್ಲಿ ಮಕ್ಕಳನ್ನು ಮಂಚೆಯು ಸೆಳೆದುಕೊಳ್ಳುತ್ತಿದ್ದಿತೋ ಅದೇ ಅಂಗಳಕ್ಕೆ ಮಂಚೆಯೇ ಬಂದು ನಿಂತು ಮಕ್ಕಳನ್ನು ಕರೆಯುವುದು ಎಷ್ಟು ಉಚಿತವಾದುದು!

ಪತಂಜಲಿಯ ಮಾತನ್ನು ಪಾಠ ಹೇಳುವಾಗ ಮಂಚಗಳು ನಗುವುದೆಂತೆಂದು ಶಿಷ್ಯರು ಕೇಳುವುದು ರೂಢಿ. ಮೇಲಿರುವವರು ನಕ್ಕರೆ ಮಂಚವು ನಕ್ಕಂತೆಯೇ ಎಂದು ಉತ್ತರ. ನಗರಗೆರೆಯ ಹಿತ್ತಿಲುಗಳಲ್ಲಿಯೂ ಶಾಲೆಯ ಅಂಗಳಗಳಲ್ಲಿಯೂ ಆ ಉದಾಹರಣೆಯು ಪ್ರತಿದಿನವೂ ಸಂಜೆಯ ಹೊತ್ತಿಗೆ ಪ್ರತ್ಯಕ್ಷವಾಗಲಿ. ಇತ್ಯಲಂ.